ಏಕಟ್ಠಿ, ಬಾದಾಲ ಮತ್ತು ಇಪ್ಪತ್ತಂಕಿಯ ಒಂದು ಅವಿಭಾಜ್ಯ: ಮನುಷ್ಯರಾಶಿಯ ಸಂಖ್ಯೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

18446744069414584321. ಇಪ್ಪತ್ತು ಅಂಕಿಗಳ ಈ ಸಂಖ್ಯೆ ಅವಿಭಾಜ್ಯ. ಗೂಢಲಿಪಿಶಾಸ್ತ್ರದಲ್ಲಿ ಕೆಲಸ ಮಾಡುವ ಎಂಜಿನಿಯರುಗಳು ಇದನ್ನು ‘ಗೋಲ್ಡಿಲಾಕ್ಸ್ ಪ್ರೈಮ್’ ಎಂದು ಕರೆಯುತ್ತಾರೆ. ಕಂಪ್ಯೂಟರುಗಳಲ್ಲಿ ವೇಗವಾಗಿ ಲೆಕ್ಕ ನಡೆಸಲು ಇಷ್ಟು ಒಗ್ಗುವ ಅವಿಭಾಜ್ಯಗಳು ಕಡಿಮೆ. ಜೈನ ಸಿದ್ಧಾಂತಗ್ರಂಥಗಳಲ್ಲಿ ಪರ್ಯಾಪ್ತ ಮನುಷ್ಯರಾಶಿಗೆ (ಪೂರ್ಣವಾಗಿ ರೂಪುಗೊಂಡ ಮನುಷ್ಯರ ಒಟ್ಟು ಎಣಿಕೆಗೆ) ಹೇಳಿರುವ ಇಪ್ಪತ್ತೊಂಬತ್ತು ಅಂಕಿಗಳ ಸಂಖ್ಯೆಗೂ ಈ ಅವಿಭಾಜ್ಯಕ್ಕೂ ನೇರವಾದ ನಂಟಿದೆ. ಆ ಪ್ರಾಚೀನ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಮೂರೇ ಅವಿಭಾಜ್ಯ ಅಪವರ್ತನಗಳಿವೆ, ಅವುಗಳಲ್ಲಿ ದೊಡ್ಡದು ಇದು. ಈ ನಂಟು ಕೇವಲ ಕೌತುಕದ ಸಂಗತಿಯಲ್ಲ, ಓಲೆಪ್ರತಿಗಳ ಪಾಠ ಪರಿಶೀಲಿಸುವವರಿಗೆ ಕೈಗೆ ಬರುವ ಉಪಕರಣ ಎಂಬುದನ್ನು ಇಲ್ಲಿ ತೋರಿಸಬೇಕೆಂದಿದ್ದೇನೆ.

ಮೊದಲು ಓಲೆಗಳ ವಿಚಾರ. ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ ಬರೆದ ವ್ಯಾಖ್ಯಾನವೇ ಧವಲಾ, ಅದು ಮುಗಿದ ವರ್ಷವನ್ನು ಹೀರಾಲಾಲ್ ಜೈನ್ ಅವರು 816 ಎಂದು ಲೆಕ್ಕ ಹಾಕಿದ್ದಾರೆ. ಬಹುಕಾಲ ದರ್ಶನಕ್ಕಷ್ಟೇ ಸಿಗುತ್ತಿದ್ದ ಈ ಓಲೆಗಳನ್ನು ಪ್ರತಿ ಮಾಡುವ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಹದಿನಾರು ಸಂಪುಟಗಳು ಹೊರಬಂದವು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ್ ನಾರಾಯಣ್ ಸಿಂಗ್ ಅವರು ಆ ಸಂಪುಟಮಾಲೆಗೇ ಬರೆದ ಲೇಖನದಿಂದ ಧವಲಾದ ಗಣಿತ ವಿದ್ವಾಂಸರ ಕಣ್ಣಿಗೆ ಬಿತ್ತು. ಮೂಡುಬಿದಿರೆಯ ಓಲೆಗಳ ಪಟ್ಟಿ ಬೇಕಾದವರಿಗೆ ಕೆ. ಭುಜಬಲಿ ಶಾಸ್ತ್ರಿಗಳ 1948ರ ತಾಡಪತ್ರೀಯ ಗ್ರಂಥಸೂಚಿ ಇಂದಿಗೂ ಆಧಾರ.

ಷಟ್ಖಂಡಾಗಮದ ‘ದ್ರವ್ಯಪ್ರಮಾಣಾನುಗಮ’ ಭಾಗ ಜೀವರಾಶಿಗಳ ಎಣಿಕೆಗೆ ಮೀಸಲು. ಪರ್ಯಾಪ್ತ ಮನುಷ್ಯರ ಸಂಖ್ಯೆಗೆ ಅಲ್ಲಿ ಎರಡು ಬಗೆಯ ಮಿತಿಗಳಿವೆ: ಕೋಟಿಯ ಮೂರನೆಯ ಘಾತಕ್ಕಿಂತ ಮೇಲೆ, ನಾಲ್ಕನೆಯ ಘಾತಕ್ಕಿಂತ ಕೆಳಗೆ, ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ. ವರ್ಗಗಳ ಎಣಿಕೆ ಎರಡರಿಂದ ಹೊರಡುತ್ತದೆ. ಜೈನ ಗಣಿತದಲ್ಲಿ ಒಂದು ಎಂಬುದು ಸಂಖ್ಯೆಯೇ ಅಲ್ಲ, ಸಂಖ್ಯಾತದ ಆರಂಭ ಎರಡು. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, 65536, 4294967296, ಆರನೆಯದು 18446744073709551616. ಅಂದರೆ ಆರನೆಯ ವರ್ಗ 2⁶⁴, ಏಳನೆಯದು 2¹²⁸. ಇವುಗಳ ನಡುವೆ ಸಂಪ್ರದಾಯ ಒಪ್ಪಿದ ಖಚಿತ ಸಂಖ್ಯೆ ಐದನೆಯ ವರ್ಗ ಮತ್ತು ಆರನೆಯ ವರ್ಗಗಳ ಗುಣಲಬ್ಧ, 2³² × 2⁶⁴ = 2⁹⁶. ಬಿಡಿಸಿ ಬರೆದರೆ:

79228162514264337593543950336

ಇಲ್ಲಿ ಒಂದು ತೊಡಕಿದೆ. ಕೋಟಿಯ ನಾಲ್ಕನೆಯ ಘಾತ ಎಂದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ. ಅದಕ್ಕೂ ಇಪ್ಪತ್ತೊಂಬತ್ತೇ ಸ್ಥಾನ. ಮೇಲಿನ ಸಂಖ್ಯೆ ಅದರ ಎಂಟು ಪಟ್ಟಿಗೆ ಸ್ವಲ್ಪ ಕಡಿಮೆ. ವರ್ಗಗಳ ಮಿತಿಗೆ ಅದು ಹೊಂದುತ್ತದೆ, ಕೋಟಿಗಳ ಮಿತಿಗೆ ಹೊಂದುವುದಿಲ್ಲ. ಈ ವಿರೋಧ ವೀರಸೇನರ ಗಮನಕ್ಕೆ ಬಂದಿತ್ತು ಎಂಬುದೂ, ಮನುಷ್ಯಕ್ಷೇತ್ರದ ವಿಸ್ತೀರ್ಣ ಲೆಕ್ಕ ಹಾಕಿ ಅಷ್ಟು ಜನ ಅಲ್ಲಿ ಹಿಡಿಸುವರೇ ಎಂದು ಅವರು ಪರೀಕ್ಷಿಸಿದ್ದಾರೆ ಎಂಬುದೂ ಸಿಂಗ್ ಅವರ ಲೇಖನದಿಂದ ತಿಳಿಯುತ್ತದೆ. ಪರಂಪರೆಯಿಂದ ಬಂದ ಸಂಖ್ಯೆಯನ್ನು ಅಳತೆಗೆ ಒಡ್ಡಿ ನೋಡಿದ ಈ ನಡೆಯನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ಸಂಖ್ಯೆ ಸರಿಯೋ ತಪ್ಪೋ ಎನ್ನುವುದಕ್ಕಿಂತ, ಅದನ್ನು ಪ್ರಶ್ನಿಸಬಹುದು ಎಂಬ ನಿಲುವು ಒಂಬತ್ತನೆಯ ಶತಮಾನದ ಆರಂಭಕ್ಕೇ ಇಲ್ಲಿತ್ತು.

ಧವಲಾದ ಗಣಿತಕ್ಕೆ ಎರಡರ ಘಾತಗಳು ಇಷ್ಟು ಮುಖ್ಯವಾದದ್ದು ಅದರ ‘ಅರ್ಧಚ್ಛೇದ’ದ ಕಲ್ಪನೆಯಿಂದ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. ಅರ್ಧಚ್ಛೇದದ ಅರ್ಧಚ್ಛೇದವೇ ‘ವರ್ಗಶಲಾಕೆ’. ಇಂದಿನ ಭಾಷೆಯಲ್ಲಿ ಇವು ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಮತ್ತು ಲಾಗರಿದಮ್ಮಿನ ಲಾಗರಿದಮ್. ಗುಣಲಬ್ಧದ ಅರ್ಧಚ್ಛೇದವು ಅಪವರ್ತನಗಳ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮವನ್ನು ಧವಲಾ ಸ್ಪಷ್ಟವಾಗಿ ಹೇಳುತ್ತದೆ. ಮನುಷ್ಯರಾಶಿಗೆ ಇದನ್ನು ಅನ್ವಯಿಸಿದರೆ 32 + 64 = 96. ಇದೇ ಕಾಲಮಾನದ ಕನ್ನಡ ನಾಡಿನ ಇನ್ನೊಬ್ಬ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಸ್ಥಾನಗಳಿಗೆ ಇಪ್ಪತ್ತನಾಲ್ಕರವರೆಗೆ ಹೆಸರು ಕೊಟ್ಟಿದ್ದಾರೆ. ಮನುಷ್ಯರಾಶಿ ಅದನ್ನೂ ಮೀರಿ ಐದು ಸ್ಥಾನ ಮುಂದಿದೆ.

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ಪರಂಪರೆಯನ್ನು ‘ಗೊಮ್ಮಟಸಾರ’ ಮತ್ತು ‘ತ್ರಿಲೋಕಸಾರ’ಗಳಲ್ಲಿ ಸಂಗ್ರಹಿಸಿದರು. ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲೇ ವೃತ್ತಿ ಬರೆದ. ಎರಡರಿಂದ ಹೊರಟು ವರ್ಗ ಮಾಡುತ್ತ ಹೋಗುವ ಸಾಲು ಇವರಲ್ಲಿ ‘ದ್ವಿರೂಪವರ್ಗಧಾರೆ’. ಅದರ ದೊಡ್ಡ ಪದಗಳಿಗೆ ಪ್ರಾಕೃತದಲ್ಲಿ ಕಿರುಹೆಸರುಗಳಿವೆ: 65536ಕ್ಕೆ ಪಣ್ಣಟ್ಠಿ, 4294967296ಕ್ಕೆ ಬಾದಾಲ, 2⁶⁴ಕ್ಕೆ ಏಕಟ್ಠಿ. ಏಕಟ್ಠಿ ಎಂದರೆ ಬಾದಾಲದ ವರ್ಗ. ಆದ್ದರಿಂದ ಮನುಷ್ಯರಾಶಿ ಎಂದರೆ ಬಾದಾಲದ ಘನ. ಮುಂದಿನದೆಲ್ಲ ನಿಂತಿರುವುದು ಈ ಒಂದು ವಾಕ್ಯದ ಮೇಲೆ.

ಸ್ಪಷ್ಟವಾಗಿ ಹೇಳಿಬಿಡಬೇಕು: ಧವಲಾದಲ್ಲಾಗಲಿ ತ್ರಿಲೋಕಸಾರದಲ್ಲಾಗಲಿ ಅವಿಭಾಜ್ಯಗಳ ಸಿದ್ಧಾಂತವಿಲ್ಲ. ಅಪವರ್ತನಗಳನ್ನು ಹುಡುಕುವ ವ್ಯವಸ್ಥಿತ ವಿಧಾನ ನಮ್ಮಲ್ಲಿ ಕಾಣುವುದು 1356ರ ನಾರಾಯಣ ಪಂಡಿತನ ‘ಗಣಿತಕೌಮುದಿ’ಯಲ್ಲಿ. ಪ್ರಾಚೀನರು ಗೂಢಲಿಪಿಯ ಅವಿಭಾಜ್ಯವನ್ನು ಬಲ್ಲರೆಂದು ಯಾರಾದರೂ ಈ ಟಿಪ್ಪಣಿಯಿಂದ ತೀರ್ಮಾನಿಸಿದರೆ ಅದು ಆ ಆಚಾರ್ಯರಿಗೂ ಗಣಿತಕ್ಕೂ ಮಾಡುವ ಅನ್ಯಾಯ. ಅವರು ಕಟ್ಟಿದ ಸಂಖ್ಯೆಗೆ ತನ್ನದೇ ರಚನೆಯಿದೆ. ಇಂದು ಆ ರಚನೆಯನ್ನು ಓದಲು ಬೇಕಾದ ಗಣಿತ ನಮ್ಮಲ್ಲಿದೆ. ನನ್ನ ಮಾತು ಅಷ್ಟಕ್ಕೇ ಸೀಮಿತ.

ದ್ವಿರೂಪವರ್ಗಧಾರೆಯ ಪ್ರತಿ ಪದಕ್ಕೂ ಒಂದು ಕೂಡಿಸೋಣ: 3, 5, 17, 257, 65537. ಎಲ್ಲವೂ ಅವಿಭಾಜ್ಯ. ಇವು ಗಣಿತದಲ್ಲಿ ಫರ್ಮಾ ಸಂಖ್ಯೆಗಳೆಂದು ಪ್ರಸಿದ್ಧ. ಹೀಗೇ ಮುಂದುವರಿದರೆ ಎಲ್ಲವೂ ಅವಿಭಾಜ್ಯವೇ ಆಗುವುದೆಂದು ಹದಿನೇಳನೆಯ ಶತಮಾನದಲ್ಲಿ ಫರ್ಮಾ ನಂಬಿದ್ದ. ಆ ನಂಬಿಕೆ ಮುರಿದದ್ದು ಬಾದಾಲದಲ್ಲಿ. 1732ರಲ್ಲಿ ಆಯ್ಲರ್ ತೋರಿಸಿದಂತೆ ಬಾದಾಲಕ್ಕೆ ಒಂದು ಕೂಡಿಸಿದರೆ ಸಿಗುವ 4294967297 = 641 × 6700417. ಏಕಟ್ಠಿಗೆ ಒಂದು ಕೂಡಿಸಿದರೆ 274177 × 67280421310721. ಆ ಸಾಲಿನಲ್ಲಿ 65537ರ ನಂತರ ಇನ್ನೊಂದು ಅವಿಭಾಜ್ಯ ಇಂದಿನವರೆಗೂ ಸಿಕ್ಕಿಲ್ಲ.

ಇನ್ನು ಮನುಷ್ಯರಾಶಿ. ಬಾದಾಲವನ್ನು ‘ಬ’ ಎಂದು ಗುರುತಿಸಿದರೆ, ಪ್ರೌಢಶಾಲೆಯ ಬೀಜಗಣಿತವೇ ಸಾಕು:

ಬ³ + 1 = (ಬ + 1)(ಬ² − ಬ + 1)

ಬಲಗಡೆಯ ಮೊದಲ ಆವರಣ ಆಯ್ಲರ್ ಒಡೆದ ಸಂಖ್ಯೆ. ಎರಡನೆಯ ಆವರಣವನ್ನು ನೇಮಿಚಂದ್ರರ ಹೆಸರುಗಳಲ್ಲಿ ಹೇಳುವುದಾದರೆ ಏಕಟ್ಠಿಯಲ್ಲಿ ಬಾದಾಲವನ್ನು ಕಳೆದು ಒಂದನ್ನು ಕೂಡಿಸಿದ್ದು: 18446744073709551616 − 4294967296 + 1 = 18446744069414584321. ಟಿಪ್ಪಣಿಯ ಮೊದಲಿಗೆ ಬರೆದ ಅವಿಭಾಜ್ಯ ಇದೇ. ಹೀಗೆ

79228162514264337593543950337 = 641 × 6700417 × 18446744069414584321.

ಅದು ಅವಿಭಾಜ್ಯ ಎಂದು ತಿಳಿಯುವುದು ಹೇಗೆ? ಸರಳ ದಾರಿ ಮೊದಲು ನೋಡೋಣ. ಯಾವುದೋ ಒಂದು ಅವಿಭಾಜ್ಯ ಅದನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ ಆ ಭಾಜಕದಿಂದ ಭಾಗಿಸಿದಾಗ 2⁹⁶ರ ಶೇಷ −1, 2¹⁹²ರ ಶೇಷ 1. ಆದ್ದರಿಂದ ಎರಡರ ಘಾತಗಳ ಶೇಷಗಳು ಪುನರಾವರ್ತನೆಯಾಗುವ ಆವರ್ತ 64 ಅಥವಾ 192 ಆಗಿರಲೇಬೇಕು. 64 ಆಗಿದ್ದರೆ ಬಾದಾಲದ ಶೇಷ −1; ಬ² − ಬ + 1ರ ಶೇಷ 1 + 1 + 1 = 3; ಅಂದರೆ ಭಾಜಕ 3 ಆಗಬೇಕು. ಆದರೆ ನಮ್ಮ ಸಂಖ್ಯೆಯನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಆವರ್ತ 192. ಫರ್ಮಾನ ಕಿರುಪ್ರಮೇಯದ ಪ್ರಕಾರ ಭಾಜಕವು 192ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು: 193, 577, 769, 1153 ಹೀಗೆ. (ಇದೇ ಸಾಲಿನಲ್ಲಿ ರಾಮಾನುಜನ್ ಹೆಸರಿನೊಡನೆ ಬೆಸೆದಿರುವ 1729 ಕೂಡ ಬರುತ್ತದೆ, ಅದು 7 × 13 × 19 ಆದ್ದರಿಂದ ಪರೀಕ್ಷೆಗೆ ಬೇಕಿಲ್ಲ.) 193ನ್ನು ವರ್ಗಧಾರೆಯಿಂದಲೇ ಪರೀಕ್ಷಿಸಬಹುದು. 193ರಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಂಡರೆ ಧಾರೆ 2, 4, 16, 63, 109, 108, 84 ಎಂದು ನಡೆಯುತ್ತದೆ. ಬಾದಾಲದ ಜಾಗದಲ್ಲಿ 108, ಏಕಟ್ಠಿಯ ಜಾಗದಲ್ಲಿ 84; 84 − 108 + 1 = −23. ಸೊನ್ನೆಯಲ್ಲ, ಹಾಗಾಗಿ 193 ಭಾಜಕವಲ್ಲ. ಆದರೆ ವರ್ಗಮೂಲದವರೆಗೆ ಇಂಥ ಅಭ್ಯರ್ಥಿಗಳು ಸುಮಾರು 2 ಕೋಟಿ 23 ಲಕ್ಷ. ಯಂತ್ರಕ್ಕೆ ಅದು ಕ್ಷಣದ ಕೆಲಸ, ಕೈಲೆಕ್ಕಕ್ಕೆ ಸಾಧ್ಯವಿಲ್ಲ.

ಇನ್ನೊಂದು ದಾರಿ ಹಿಡಿದರೆ ವರ್ಗಧಾರೆಯ ಚೆಲುವು ಪೂರ್ತಿ ಕಾಣುತ್ತದೆ. ನಮ್ಮ ಸಂಖ್ಯೆಯಿಂದ ಒಂದು ಕಳೆದರೆ ಬ² − ಬ, ಅಂದರೆ ಬ(ಬ − 1). ‘ಬ − 1’ ಎನ್ನುವುದು ಧಾರೆಯ ಹಿಂದಿನ ಪದಗಳಿಗೆಲ್ಲ ಒಂದೊಂದು ಕೂಡಿಸಿ ಗುಣಿಸಿದ ಫಲ: 3 × 5 × 17 × 257 × 65537 = 4294967295. ನಮಗೆ ತಿಳಿದಿರುವ ಐದೂ ಫರ್ಮಾ ಅವಿಭಾಜ್ಯಗಳು ಇಲ್ಲಿ ಒಟ್ಟಿಗೆ ನಿಂತಿವೆ. (ಅಳತೆಪಟ್ಟಿ ಮತ್ತು ಕೈವಾರಗಳಿಂದ ರಚಿಸಬಹುದಾದ, ಬೆಸ ಸಂಖ್ಯೆಯ ಬಾಹುಗಳುಳ್ಳ ಕ್ರಮಬಹುಭುಜಗಳಲ್ಲಿ ನಮಗೆ ತಿಳಿದ ಅತಿ ದೊಡ್ಡದರ ಬಾಹುಗಳ ಸಂಖ್ಯೆಯೂ ಇದೇ 4294967295.) ಒಂದು ಸಂಖ್ಯೆಗಿಂತ ಒಂದು ಕಡಿಮೆ ಇರುವ ಸಂಖ್ಯೆಯ ಅಪವರ್ತನಗಳು ಪೂರ್ತಿ ಗೊತ್ತಿದ್ದರೆ, ಆ ಸಂಖ್ಯೆಯ ಅವಿಭಾಜ್ಯತೆಯನ್ನು ಸಾಧಿಸುವುದು ಸುಲಭ.

ಫ್ರಾನ್ಸಿನ ಪ್ರೋಥ್ 1878ರಲ್ಲಿ ಪ್ರಕಟಿಸಿದ ಪ್ರಮೇಯ ಇಲ್ಲಿಗೆ ಹೇಳಿಮಾಡಿಸಿದಂತಿದೆ. ಬೆಸ ಸಂಖ್ಯೆಯೊಂದನ್ನು 2ರ ಒಂದು ಘಾತದಿಂದ ಗುಣಿಸಿ ಒಂದು ಕೂಡಿಸಿದ್ದೇವೆ, ಆ ಬೆಸ ಸಂಖ್ಯೆ 2ರ ಘಾತಕ್ಕಿಂತ ಚಿಕ್ಕದು ಎಂದುಕೊಳ್ಳಿ. ಯಾವುದಾದರೂ ಒಂದು ಸಂಖ್ಯೆಯನ್ನು (ಮೊತ್ತ − 1)ರ ಅರ್ಧದಷ್ಟು ಘಾತಕ್ಕೆ ಏರಿಸಿ ಮೊತ್ತದಿಂದ ಭಾಗಿಸಿದಾಗ −1 ಶೇಷ ಬಂದರೆ ಮೊತ್ತ ಅವಿಭಾಜ್ಯವೇ. ನಮ್ಮಲ್ಲಿ 2ರ ಘಾತ 4294967296, ಬೆಸ ಸಂಖ್ಯೆ 4294967295. ಪ್ರೋಥ್ ಹಾಕಿದ ಮಿತಿಯೊಳಗೆ ಇದಕ್ಕಿಂತ ಒಂದು ದೊಡ್ಡದನ್ನೂ ಇಡಲಾಗುವುದಿಲ್ಲ. ನಮ್ಮ ಅವಿಭಾಜ್ಯ ಸರಿಯಾಗಿ ಅಂಚಿನಲ್ಲಿದೆ.

ಯಾವ ಸಂಖ್ಯೆಯನ್ನು ಘಾತಕ್ಕೇರಿಸಬೇಕು? 2, 3, 5 ಮೂರೂ ಈ ಅವಿಭಾಜ್ಯದ ಶೇಷಗಣಿತದಲ್ಲಿ (ಅದರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳುವ ಲೆಕ್ಕದಲ್ಲಿ) ಪೂರ್ಣವರ್ಗಗಳು. ಅವುಗಳಿಂದ −1 ಬರುವುದಿಲ್ಲ. 7ರಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ ಶೇಷ 6. ಏಳರ ಲೆಕ್ಕದಲ್ಲಿ ಪೂರ್ಣವರ್ಗಗಳು 1, 2, 4 ಮಾತ್ರ, 6 ಅಲ್ಲ. ಗೌಸ್‌ನ ವರ್ಗ ವಿನಿಮಯ ನಿಯಮದಂತೆ ನಮ್ಮ ಸಂಖ್ಯೆಯ ಶೇಷಗಣಿತದಲ್ಲೂ 7 ಪೂರ್ಣವರ್ಗವಲ್ಲ. ಹಾಗಾಗಿ 7 ನಮ್ಮ ಸಾಕ್ಷಿ. ಅದನ್ನು ಮೂರನೆಯ ಘಾತಕ್ಕೆ, ಬಂದದ್ದನ್ನು ಐದನೆಯ, ಅದನ್ನು ಹದಿನೇಳನೆಯ, ಬಳಿಕ 257ನೆಯ, ಕೊನೆಗೆ 65537ನೆಯ ಘಾತಕ್ಕೆ ಏರಿಸಬೇಕು. ಪ್ರತಿ ಹೆಜ್ಜೆಗೂ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. 65537ನೆಯ ಘಾತ ಎಂದರೆ ಹದಿನಾರು ಸಲ ವರ್ಗ, ಒಂದು ಸಲ ಗುಣಾಕಾರ, ಉಳಿದವೂ ಹಾಗೆಯೇ. ಐದು ಘಾತಗಳಿಗೆ ಒಟ್ಟು 31 ವರ್ಗ, 5 ಗುಣಾಕಾರ. ಆಮೇಲೆ ಇನ್ನೂ 31 ಸಲ ವರ್ಗ. ಒಟ್ಟು 67 ಗುಣಾಕಾರಗಳ ಕೊನೆಗೆ ಉಳಿಯುವ ಶೇಷ 18446744069414584320, ಅಂದರೆ −1. ಸಾಧನೆ ಮುಗಿಯಿತು. ಎರಡು ಕೋಟಿಗೂ ಮಿಕ್ಕ ಭಾಗಾಕಾರ ಅರವತ್ತೇಳು ಗುಣಾಕಾರಕ್ಕೆ ಇಳಿದದ್ದು ಆ ಸಂಖ್ಯೆ ವರ್ಗಧಾರೆಯಿಂದ ಹುಟ್ಟಿದ್ದರಿಂದ.

ಕಂಪ್ಯೂಟರಿನವರಿಗೆ ಇದು ಪ್ರಿಯವಾಗಲು ಕಾರಣವೂ ಅದೇ ಹುಟ್ಟು. ಈ ಅವಿಭಾಜ್ಯದ ಶೇಷಗಣಿತದಲ್ಲಿ ಏಕಟ್ಠಿ = ಬಾದಾಲ − 1, ಮನುಷ್ಯರಾಶಿ = −1. ಎರಡು 64 ಬಿಟ್ ಸಂಖ್ಯೆಗಳನ್ನು ಗುಣಿಸಿದಾಗ ಬರುವ 128 ಬಿಟ್ಟುಗಳ ಫಲವನ್ನು ಮೂರು ತುಂಡು ಮಾಡಿದರೆ, ಕೆಳಗಿನ 64 ಬಿಟ್ ಹಾಗೆಯೇ ಉಳಿಯುತ್ತದೆ, ನಡುವಿನ 32 ಬಿಟ್ ತುಂಡನ್ನು ಬಾದಾಲ − 1ರಿಂದ ಗುಣಿಸಿ ಕೂಡಿಸಿದರಾಯಿತು, ಮೇಲಿನ 32 ಬಿಟ್ ತುಂಡನ್ನು ಸುಮ್ಮನೆ ಕಳೆದರಾಯಿತು. ಭಾಗಾಕಾರವೇ ಬೇಡ. ಮೇಲಿನ ತುಂಡನ್ನು ಕಳೆಯುವ ಆ ಹೆಜ್ಜೆಯಲ್ಲಿ 2⁹⁶ = −1 ಎಂಬ ಸಂಬಂಧ ಕೋಟಿಗಟ್ಟಲೆ ಸಲ ಬಳಕೆಯಾಗುತ್ತಿದೆ. ಇಲ್ಲಿ ಎರಡರ ವರ್ಗಮೂಲ ಕೂಡ ಪೂರ್ಣಾಂಕವೇ: 2²⁴ − 2⁷². ಅದರ ವರ್ಗ 2⁴⁸(1 − 2⁴⁹ + 2⁹⁶); 2⁹⁶ರ ಬದಲು −1 ಇಟ್ಟರೆ ಆವರಣದಲ್ಲಿ ಉಳಿಯುವುದು −2⁴⁹, ಒಟ್ಟು −2⁹⁷, ಅಂದರೆ −2 × (−1) = 2.

ಈಗ ಓಲೆಗಳ ಕಡೆಗೆ. ಗೊಮ್ಮಟಸಾರದ ಜೀವಕಾಂಡದಲ್ಲಿ ಮನುಷ್ಯರಾಶಿಯ ಸಂಖ್ಯೆಯನ್ನು ಒಂದು ಪ್ರಾಕೃತ ಗಾಹೆಯೊಳಗೆ ಅಕ್ಷರಗಳಾಗಿ ಹುದುಗಿಸಿದ್ದಾರೆ. ಕಟಪಯಾದಿ ಕ್ರಮ: ಕದಿಂದ ಝದವರೆಗೆ 1ರಿಂದ 9, ಟದಿಂದ ಧದವರೆಗೆ 1ರಿಂದ 9, ಪದಿಂದ ಮದವರೆಗೆ 1ರಿಂದ 5, ಯದಿಂದ ಹದವರೆಗೆ 1ರಿಂದ 8, ನಕಾರ ಸೊನ್ನೆ. ಅಂಕಿಗಳು ಬಲದಿಂದ ಎಡಕ್ಕೆ, ಬಿಡಿಸ್ಥಾನದಿಂದ ಮೇಲಕ್ಕೆ. ಮೊದಲ ಅಕ್ಷರ ತ, ಆದ್ದರಿಂದ 6. ಮುಂದೆ ಲ, ಲೀ ಎಂದು ಎರಡು 3. ನ ಎಂದು 0. ಕೊನೆಯ ಅಕ್ಷರ ಸ, 7. ಇಪ್ಪತ್ತೊಂಬತ್ತು ಅಕ್ಷರಗಳನ್ನೂ ಬಿಡಿಸಿದರೆ ಮೇಲೆ ಬರೆದ ಸಂಖ್ಯೆ ಒಂದಂಕಿಯೂ ತಪ್ಪದೆ ಬರುತ್ತದೆ.

ಇಂಥ ಪದ್ಯಕ್ಕೆ ಲಿಪಿಕಾರನ ಕೈಯಲ್ಲಿ ಒದಗುವ ಅಪಾಯ ಬೇರೆ ಪದ್ಯಗಳಿಗಿಂತ ಹೆಚ್ಚು. ಅಕ್ಷರಗಳಿಗೆ ವಾಕ್ಯಾರ್ಥದ ಕಾವಲು ಕಡಿಮೆ. ಅರ್ಥ ನೋಡಿ ತಿದ್ದಲಾಗುವುದಿಲ್ಲ. ಹಳೆಯ ಕನ್ನಡ ಬರಹದಲ್ಲಿ ದ ಧ, ಬ ಭ ಜೋಡಿಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು. ಓಲೆ ಕೊರೆಯುವ ಕಂಠದಿಂದ ಗೆರೆ ಎಳೆಯುವಾಗ ಅದು ಬಿಟ್ಟುಹೋಗುವುದು ಸಾಮಾನ್ಯ. ಪ ಮತ್ತು ವ ಕೂಡ ಒಂದರಂತೆ ಇನ್ನೊಂದು ಕಾಣುತ್ತವೆ. ಗಾಹೆಯಲ್ಲಿ ಧಕಾರ ಎರಡು ಸಲ, ವಕಾರ ಎರಡು ಸಲ, ಭಕಾರ ಒಂದು ಸಲ ಬರುತ್ತದೆ. ಮಹಾಪ್ರಾಣ ಹೋದರೆ ಆ ಸ್ಥಾನದ ಅಂಕಿ ಒಂದರಷ್ಟು ಕಡಿಮೆಯಾಗುತ್ತದೆ. ವ ಪ ಆದರೆ 4 ಹೋಗಿ 1 ಬರುತ್ತದೆ. ಛಂದಸ್ಸಿಗೆ ಇದಾವುದೂ ತಿಳಿಯುವುದಿಲ್ಲ, ಮಾತ್ರೆಗಳು ಬದಲಾಗುವುದಿಲ್ಲವಲ್ಲ.

ಛಂದಸ್ಸು ಹಿಡಿಯಲಾರದ ಇನ್ನೊಂದು ತಪ್ಪು ಮೊದಲಲ್ಲೇ ಕಾದಿದೆ. ತ, ಲ, ಲೀ ಎಂಬ ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಿದರೆ ನಾಲ್ಕು ಮಾತ್ರೆ. ಲಕಾರಗಳನ್ನು ಒತ್ತಕ್ಷರವಾಗಿಸಿ, ಎಲ್ಲರಿಗೂ ಪರಿಚಿತವಾದ ‘ತಲ್ಲೀನ’ ಪದದಂತೆ ‘ತಲ್ಲೀ’ ಎಂದರೆ ಮೊದಲಕ್ಷರ ಗುರುವಾಗಿ ಮತ್ತೆ ನಾಲ್ಕೇ ಮಾತ್ರೆ. ಕಿವಿಗೆ ಕೊರತೆಯಿಲ್ಲ. ಆದರೆ ಕಟಪಯಾದಿಯಲ್ಲಿ ಒತ್ತಕ್ಷರಕ್ಕೆ ಕೊನೆಯ ವ್ಯಂಜನದ ಒಂದೇ ಅಂಕಿ. ಒಂದು 3 ಮಾಯವಾಗಿ ಸಂಖ್ಯೆ ಇಪ್ಪತ್ತೆಂಟು ಸ್ಥಾನಕ್ಕೆ ಇಳಿಯುತ್ತದೆ.

ಇಲ್ಲಿ ಗಣಿತದ ಪರೀಕ್ಷೆ ಬೇಕು. ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲೇ ಒಂಬತ್ತನ್ನು ಕಳೆದು ತಾಳೆ ನೋಡುವ ಕ್ರಮವಿದೆ. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 127, ಒಂಬತ್ತರ ಶೇಷ 1, 2⁹⁶ಕ್ಕೂ 1. ಆದರೆ ಎರಡು ಅಕ್ಷರಗಳು ಅದಲುಬದಲಾದರೆ ಒಂಬತ್ತು ಅದನ್ನು ಕಾಣುವುದಿಲ್ಲ. ಹನ್ನೊಂದರ ಪರೀಕ್ಷೆ ಸ್ವಲ್ಪ ಮೇಲು. ಅದೂ ಸಮ ಅಂತರದಲ್ಲಿರುವ ಅಕ್ಷರಗಳ ಅದಲುಬದಲನ್ನು ಬಿಟ್ಟುಕೊಡುತ್ತದೆ.

ಮನುಷ್ಯರಾಶಿ + 1ರ ಅತಿ ಚಿಕ್ಕ ಅಪವರ್ತನ 641 ಈ ಕೆಲಸಕ್ಕೆ ತಕ್ಕದ್ದು ಎಂಬುದು ನನ್ನ ಪ್ರತಿಪಾದನೆ. ಓಲೆಯಿಂದ ಓದಿದ ಸಂಖ್ಯೆಗೆ ಒಂದು ಕೂಡಿಸಿ 641ರಿಂದ ಭಾಗಿಸಬೇಕು, ಶೇಷ ಉಳಿಯಬಾರದು. ಒಂದೇ ಅಂಕಿ ತಪ್ಪಿದ್ದರೆ ವ್ಯತ್ಯಾಸವು 1ರಿಂದ 9ರೊಳಗಿನ ಅಂಕಿಯನ್ನು ಹತ್ತರ ಘಾತದಿಂದ ಗುಣಿಸಿದಷ್ಟು. 641 ಅವಿಭಾಜ್ಯ, ಅದು ಇವೆರಡನ್ನೂ ಭಾಗಿಸದು. ಹಾಗಾಗಿ ಯಾವ ಸ್ಥಾನದ ಒಂದು ತಪ್ಪೂ ತಪ್ಪಿಸಿಕೊಳ್ಳುವುದಿಲ್ಲ. ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಉಳಿಯುವುದು 10ರ ಯಾವುದೋ ಘಾತದಿಂದ ಒಂದು ಕಳೆದ ಸಂಖ್ಯೆಯ ಗುಣಕವಾಗಿ. ಆ ಘಾತವೇ ಎರಡು ಸ್ಥಾನಗಳ ನಡುವಿನ ಅಂತರ. 641ರ ಶೇಷಗಣಿತದಲ್ಲಿ 10⁴ = 385, 10⁸ = 154, 10¹⁶ = −1. ಆದ್ದರಿಂದ ಹತ್ತರ ಘಾತ ಮತ್ತೆ 1ಕ್ಕೆ ಬರುವುದು 32ನೆಯ ಹೆಜ್ಜೆಯಲ್ಲೇ, ಅದಕ್ಕೆ ಮೊದಲಲ್ಲ. ಗಾಹೆಯೊಳಗೆ ಎರಡು ಅಕ್ಷರಗಳ ನಡುವಿನ ಅತಿ ಹೆಚ್ಚಿನ ಅಂತರ 28. ಹೀಗಾಗಿ ಎಲ್ಲಿಂದೆಲ್ಲಿಗೆ ಅದಲುಬದಲಾದರೂ, ಆ ಎರಡು ಅಂಕಿಗಳು ಒಂದೇ ಆಗಿರದಿದ್ದರೆ, 641 ಹಿಡಿಯುತ್ತದೆ.

ಲೆಕ್ಕವೂ ಕಾಗದದ ಮೇಲೆ ಸುಲಭ. 10¹⁶ರ ಶೇಷ −1 ಆದ್ದರಿಂದ, ಕೊನೆಯ ಹದಿನಾರು ಅಂಕಿಗಳಿಂದ ಮೊದಲ ಹದಿಮೂರನ್ನು ಕಳೆದರೆ ಸಾಕು: 4337593543950336 − 7922816251426 = 4329670727698910. ಒಂದು ಕೂಡಿಸಿದರೆ 4329670727698911. ಇದನ್ನು ಎಂಟೆಂಟು ಅಂಕಿಗಳಾಗಿ ಒಡೆದರೆ 43296707ರ ಶೇಷ 362, 27698911ರ ಶೇಷ 19. ಮೊದಲನೆಯದನ್ನು 154ರಿಂದ ಗುಣಿಸಿದರೆ 55748, ಶೇಷ 622. 622 + 19 = 641. ತಾಳೆಯಾಯಿತು.

ತಪ್ಪು ಎಲ್ಲಿದೆ ಎಂಬುದರ ಸುಳಿವೂ ಶೇಷದಲ್ಲಿರುತ್ತದೆ. ಆರನೆಯ ಅಕ್ಷರದ ಧಕಾರ ದಕಾರವಾಗಿದ್ದರೆ ಸಂಖ್ಯೆ ಒಂದು ಲಕ್ಷ ಕಡಿಮೆಯಾಗುತ್ತದೆ. ಲಕ್ಷಕ್ಕೆ 641ರ ಶೇಷ 4. ಪರೀಕ್ಷೆಯಲ್ಲಿ ಉಳಿಯುವುದು 637. ಎಂಟನೆಯ ಅಕ್ಷರದ ವಕಾರ ಪಕಾರವಾಗಿದ್ದರೆ 82. ಹತ್ತೊಂಬತ್ತನೆಯ ಭಕಾರ ಬಕಾರವಾಗಿದ್ದರೆ 100. ಮೊದಲಿನ ಲಕಾರಗಳು ಕೂಡಿಕೊಂಡಿದ್ದರೆ 452. ಲಿಪಿಯ ಸಾಮ್ಯದಿಂದ ಹುಟ್ಟಬಹುದಾದ ತಪ್ಪುಗಳಿಗೆಲ್ಲ ಹೀಗೆ ಒಂದು ಶೇಷಪಟ್ಟಿ ಮಾಡಿಟ್ಟುಕೊಂಡರೆ, ಹಸ್ತಪ್ರತಿ ಓದುವವರು ಪಾಠಾಂತರವನ್ನು ಕಂಡ ಕೂಡಲೇ ಅದರ ಮೂಲವನ್ನು ಊಹಿಸಬಹುದು.

ಇದರ ಮಿತಿಯನ್ನೂ ಹೇಳಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ತಪ್ಪುಗಳು ಒಟ್ಟಿಗಿದ್ದರೆ ಅವು ಪರಸ್ಪರ ಮುಚ್ಚಿಹೋಗಿ 641ನ್ನು ದಾಟಿಬಿಡಬಹುದು. ಆಗ ದೊಡ್ಡ ಅವಿಭಾಜ್ಯದಿಂದ ಭಾಗಿಸಬೇಕು. ಗಾಹೆಯ ಮೊದಲ ಹತ್ತೊಂಬತ್ತು ಅಕ್ಷರಗಳಲ್ಲಿ ಎಷ್ಟೇ ತಪ್ಪುಗಳು ಹೇಗೇ ಬೆರೆತಿದ್ದರೂ ಒಟ್ಟು ವ್ಯತ್ಯಾಸ 10¹⁹ಕ್ಕಿಂತ ಕಡಿಮೆ. 18446744069414584321 ಅದಕ್ಕಿಂತ ದೊಡ್ಡದು. ಸೊನ್ನೆಯಲ್ಲದ ವ್ಯತ್ಯಾಸವನ್ನು ಅದು ಭಾಗಿಸಲಾರದು. ಆ ಭಾಗದ ಪಾಠಕ್ಕೆ ಈ ಪರೀಕ್ಷೆ ಪೂರ್ಣ.

ಧವಲಾದ ಇನ್ನೂ ದೊಡ್ಡ ಸಂಖ್ಯೆಗಳಿಗೆ ಇದೇ ಉಪಕರಣ ಸಾಲದು. ಸಂಖ್ಯೆಯನ್ನು ಅದರದೇ ಘಾತಕ್ಕೆ ಏರಿಸುವ ‘ವರ್ಗಿತ ಸಂವರ್ಗಿತ’ವನ್ನು ಎರಡರ ಮೇಲೆ ಮೂರು ಸಲ ಮಾಡಿದರೆ 4, 256, ಆಮೇಲೆ 256ರ 256ನೆಯ ಘಾತ. ಅದು 2²⁰⁴⁸, 617 ಅಂಕಿಗಳ ಸಂಖ್ಯೆ. ಇಂದಿನ 2048 ಬಿಟ್ ಆರ್‌ಎಸ್‌ಎ ಕೀಲಿಗಳ ಮೇಲ್ಮಿತಿಯೂ ಅದೇ. 2048 ಎನ್ನುವುದು 64ರ ಗುಣಕವಾದ್ದರಿಂದ 641ರಿಂದ ಭಾಗಿಸಿದಾಗ 2²⁰⁴⁸ಕ್ಕೆ ಶೇಷ 1 ಬರಬೇಕು, ಒಂದಂಕಿಯ ತಪ್ಪುಗಳು ಅಲ್ಲೂ ಸಿಗುತ್ತವೆ. ಆದರೆ 32 ಸ್ಥಾನ ಅಥವಾ ಅದರ ಗುಣಕದಷ್ಟು ದೂರದ ಅದಲುಬದಲು ಅಲ್ಲಿ 641ರ ಕಣ್ಣಿಗೆ ಬೀಳುವುದಿಲ್ಲ. ಅಂಥ ಉದ್ದದ ಸಂಖ್ಯೆಗೆ ದೊಡ್ಡ ಅವಿಭಾಜ್ಯದ ಶೇಷವನ್ನೂ ಜೊತೆಗೆ ನೋಡಬೇಕು. ಅದರಲ್ಲಿ ಎರಡರ ಘಾತಗಳ ಆವರ್ತ 192; 2048ರಲ್ಲಿ ಹತ್ತು ಆವರ್ತ ಕಳೆದರೆ ಉಳಿಯುವುದು 128; 2¹²⁸ = 2⁹⁶ × 2³². ಆದ್ದರಿಂದ ಆ 617 ಅಂಕಿಗಳನ್ನು ಸರಿಯಾಗಿ ಬರೆದಿದ್ದರೆ ನಮ್ಮ ಅವಿಭಾಜ್ಯದಿಂದ ಭಾಗಿಸಿದಾಗ ಬರುವ ಶೇಷ ಋಣ ಬಾದಾಲ, −4294967296.